ಕುಶಾಲನಗರ ಕಡೆ ಸೈಕಲ್ ತುಳಿಯೋರಿಗೆ

ಮೈಸೂರು–ಮಡಿಕೇರಿ ಹೆದ್ದಾರಿಯಲ್ಲಿ ಬಸ್ಸು, ಟೂರಿಸ್ಟ್ ಗಾಡಿಗಳ ಹಾರ್ನ್ ಕೇಳಿ ಸಾಕಾಗಿದ್ರೆ, ಹಾರಂಗಿ ನಾಲೆ ಪಕ್ಕದ ಮಣ್ಣಿನ ದಾರಿ ಹಿಡಿಯಿರಿ. ನಾಲೆ ನೀರು ಸಣ್ಣ ಇಳಿಜಾರಲ್ಲೇ ಹರಿಯಬೇಕಲ್ಲ, ಹಾಗಾಗಿ ಏರಿ ಮೇಲಿನ ದಾರಿಯೂ ಹೆಚ್ಚುಕಮ್ಮಿ ಸಮತಟ್ಟು. ಕೊಡಗಲ್ಲಿ ಅಂಥ ದಾರಿ ಸಿಗೋದೇ ಅಪರೂಪ. ನೀರು ಬಿಟ್ಟಾಗ ಮಾತ್ರ ಅಂಚಿಗೆ ಹೋಗ್ಬೇಡಿ, ಮಣ್ಣು ಸಡಿಲ ಇರುತ್ತೆ.

ಟೈರ್ 40 ಮಿ.ಮೀ. ಅಗಲದ್ದಿದ್ರೆ ಒಳ್ಳೇದು. ಗಾಳಿ ಸ್ವಲ್ಪ ಇಳಿಸಿ. ಕಲ್ಲಂತೆ ಗಟ್ಟಿಯಿದ್ದರೆ ಜಲ್ಲಿ ಮೇಲೆ ಪುಟಿದು ಮುಂಗೈ ಹಿಡ್ಕೊಳ್ಳುತ್ತೆ.

ಕಾಫಿ ತೋಟದೊಳಗಿನ ದಾರಿಗಳು ಇನ್ನೂ ಚೆಂದ, ಆದ್ರೆ ಅವು ಖಾಸಗಿ. ಗೇಟಲ್ಲಿ ರೈಟರನ್ನು, ಅಂದ್ರೆ ತೋಟದ ಕೆಲಸ-ಲೆಕ್ಕ ನೋಡಿಕೊಳ್ಳೋರನ್ನು, ಕೇಳಿಯೇ ಹೋಗಿ. ಡಿಸೆಂಬರಿನಿಂದ ಕಾಫಿ ಕುಯ್ಯೋ ಕಾಲ, ತಿರುವಲ್ಲಿ ಜೀಪು, ಟ್ರ್ಯಾಕ್ಟರ್ ಎದುರಾಗ್ಬಹುದು.

ಮುಖ್ಯ ವಿಷಯ ಆನೆ. ಬೆಳಕು ಚೆನ್ನಾಗಿ ಹರಿದ ಮೇಲೆ ಹೊರಡಿ, ಸಂಜೆ 5 ಗಂಟೆಯೊಳಗೆ ಡಾಂಬರು ರಸ್ತೆಗೆ ಬನ್ನಿ. ಇಯರ್‌ಫೋನ್ ಜೇಬಲ್ಲಿರಲಿ. ದಾರೀಲಿ ಹಸಿ ಲದ್ದಿ, ಆಗಷ್ಟೇ ಮುರಿದ ಬಿದಿರು ಕಂಡ್ರೆ ಫೋಟೋ ಗೀಟೋ ಬೇಡ, ಸುಮ್ನೆ ವಾಪಸ್ ತಿರುಗಿಸಿ. ಹೊರಡೋ ಮುಂಚೆ ಊರವರನ್ನು ಒಂದು ಮಾತು ಕೇಳಿ. ರಾತ್ರಿ ಆನೆ ಯಾರ ಗದ್ದೆಗೆ ಇಳಿದಿತ್ತು ಅಂತ ಅವರಿಗೆ ಗೊತ್ತಿರುತ್ತೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಸರು, ಜಿಗಣೆ. ಹೋಗಲೇಬೇಕು ಅನ್ನೋರು ಸಾಕ್ಸಿಗೆ ಬೇವಿನೆಣ್ಣೆ ಸವರಿಕೊಳ್ಳಿ. ಪಂಕ್ಚರ್ ಕಿಟ್ಟು, ಪಂಪು ಜೊತೇಲಿರಲಿ, ನಾಲೆ ದಾರೀಲಿ ಅಂಗಡಿ ನೆಚ್ಚಿಕೊಳ್ಳೋಕಾಗಲ್ಲ.