ಚದುರಂಗದ ಅಕ್ಕಿಕಾಳು ಎಣಿಸಿದ ಕಥೆ

ದಾವಣಗೆರೆಯಲ್ಲಿ ಹತ್ತನೇ ತರಗತಿ ಮಕ್ಕಳಿಗೆ ಸಂಜೆ ಗಣಿತದ ಟ್ಯೂಷನ್ ಮಾಡುತ್ತೇನೆ. ಘಾತಗಳ ಪಾಠಕ್ಕೆ ಪ್ರತಿ ವರ್ಷ ಅದೇ ಚದುರಂಗದ ಕಥೆ: ಮೊದಲ ಮನೆಗೆ ಒಂದು ಅಕ್ಕಿಕಾಳು, ಮುಂದಿನದಕ್ಕೆ ಎರಡು, ಆಮೇಲೆ ನಾಲ್ಕು. ಹೀಗೆ 64 ಮನೆ ತುಂಬಿದರೆ ಒಟ್ಟು ಕಾಳು 2ರ 64ನೇ ಘಾತಕ್ಕಿಂತ ಒಂದು ಕಡಿಮೆ. ಗ್ರಾಮಿಗೆ 50 ಕಾಳು ಅಂತ ಹಿಡಿದರೂ ಸುಮಾರು 36,900 ಕೋಟಿ ಟನ್. ನಮ್ಮೂರಿನ ಮಂಡಕ್ಕಿ ಭಟ್ಟಿಗಳೆಲ್ಲ ಸೇರಿದರೂ ಹುರಿದು ಮುಗಿಸೋದು ಕಷ್ಟ.

ಈ ಸಲ ಒಬ್ಬ ಹುಡುಗ, "ಸರ್, ಪೂರ್ತಿ ಸಂಖ್ಯೆ ಎಷ್ಟು?" ಅಂದ. ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಿ ಹಾಕಿ ತೋರಿಸಿದೆ: 18446744073709600000. ಹಿಂದಿನ ಬೆಂಚಿನ ಹುಡುಗಿ ಬಿಡಲಿಲ್ಲ. "2, 4, 8, 6 ಅಂತಾನೇ ಕೊನೆ ಅಂಕಿ ತಿರುಗುತ್ತೆ ಅಂದಿದ್ರಲ್ಲ ಸರ್. ಸೊನ್ನೆ ಎಲ್ಲಿಂದ ಬಂತು?" ಸರಿಯಾದ ಮಾತು. 64ನೇ ಘಾತದ ಕೊನೆ ಅಂಕಿ 6, ಒಂದು ಕಳೆದರೆ 5. ಸ್ಪ್ರೆಡ್‌ಶೀಟ್ 15 ಅಂಕಿ ಮಾತ್ರ ಇಟ್ಟುಕೊಂಡು ಉಳಿದದ್ದಕ್ಕೆ ಸೊನ್ನೆ ತುಂಬಿತ್ತು.

ಆ ರಾತ್ರಿ ಊಟ ಮುಗಿಸಿ ಹಾಳೆ ಹಿಡಿದು ಕೂತೆ. 32ನೇ ಘಾತ 4294967296 ಅಂತ ಗೊತ್ತಿತ್ತು. ಅದರ ವರ್ಗ ಸಿಕ್ಕರೆ ಸಾಕು. 42949 ಮತ್ತು 67296 ಅಂತ ಎರಡು ತುಂಡು ಮಾಡಿದೆ. ಎರಡರ ವರ್ಗ, ಜೊತೆಗೆ ಗುಣಲಬ್ಧದ ಎರಡರಷ್ಟು. ಸೊನ್ನೆಗಳನ್ನು ಜಾಗಕ್ಕೆ ಸರಿಯಾಗಿ ಇಟ್ಟು ಕೂಡಿಸಿದರೆ ಆಯ್ತು.

ಮೊದಲ ಸಲ ತಪ್ಪಾಯ್ತು. ಗೊತ್ತಾಗಿದ್ದು ಅಂಕಿಗಳ ಮೊತ್ತದಿಂದ. 4294967296ರ ಅಂಕಿ ಕೂಡಿದರೆ 58, ಅದು 13, ಕೊನೆಗೆ 4. ನಾಲ್ಕರ ವರ್ಗ 16, ಅಂದ್ರೆ 7. ಉತ್ತರದ ಮೊತ್ತವೂ 7ಕ್ಕೇ ಇಳಿಯಬೇಕು. ನನ್ನದು 87 ಬಂದು 6ಕ್ಕೆ ಇಳಿಯಿತು. ಒಂದು ಕಡೆ ಕೈಲಿದ್ದ ಒಂದನ್ನು ಕೂಡಿಸೋದು ಮರೆತಿದ್ದೆ. ಈ ಪರೀಕ್ಷೆ ಎಲ್ಲ ತಪ್ಪನ್ನೂ ಹಿಡಿಯಲ್ಲ ಅನ್ನೋದು ನೆನಪಿರಲಿ. ಎರಡು ಅಂಕಿ ಅದಲುಬದಲಾದರೆ ಮೊತ್ತ ಅಷ್ಟೇ ಇರುತ್ತೆ, ಅಲ್ವಾ? ತಿದ್ದಿ, ಒಂದು ಕಳೆದ ಮೇಲೆ ಬಂದದ್ದು 1,84,46,74,40,73,70,95,51,615.

ಮರುದಿನ ಅಪವರ್ತನ. ಇದು ನನಗೆ ಬಲು ಇಷ್ಟವಾದ ಭಾಗ. ಇಷ್ಟು ದೊಡ್ಡ ಸಂಖ್ಯೆಯನ್ನು ಒಡೆಯೋದು ಮಕ್ಕಳಿಗೆ ಬಾಯಿಪಾಠವಾಗಿರುವ ಎ ಸ್ಕ್ವೇರ್ ಮೈನಸ್ ಬಿ ಸ್ಕ್ವೇರ್ ಸೂತ್ರ! ಅದನ್ನೇ ಮತ್ತೆ ಮತ್ತೆ ಹಾಕುತ್ತಾ ಹೋದರೆ 3, 5, 17, 257, 65537 ಮತ್ತು 4294967297 ಸಿಗುತ್ತವೆ. ಮೊದಲ ಐದೂ ಅವಿಭಾಜ್ಯ. ಕೊನೆಯದೂ ಹಾಗೇ ಅಂತ ಫರ್ಮಾ ನಂಬಿದ್ದರು. ಅಲ್ಲ ಅಂತ 1732ರಲ್ಲಿ ಆಯ್ಲರ್ ತೋರಿಸಿದರು.

ಸುಮ್ನೆ ಸಿಕ್ಕಸಿಕ್ಕ ಸಂಖ್ಯೆಯಿಂದ ಭಾಗಿಸುವ ಹಾಗಿಲ್ಲ, ಜನ್ಮ ಸಾಲದು. ಇದನ್ನು ಭಾಗಿಸುವ ಅವಿಭಾಜ್ಯವನ್ನು 64ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕು. ಯಾಕೆ ಅಂತ ಹೇಳೋದು ಹತ್ತನೇ ತರಗತಿಗೆ ಜಾಸ್ತಿಯಾಯ್ತು ಅಂತ ಬಿಟ್ಟೆ. ಅಂಥವು 193, 257, 449, 577, 641. ಮಕ್ಕಳಿಗೆ ಒಂದೊಂದು ಹಂಚಿದೆ. 641 ಸಿಕ್ಕಿದ್ದು ಸೊನ್ನೆ ಹಿಡಿದ ಆ ಹುಡುಗಿಗೇ. ಶೇಷ ಉಳಿಯಲಿಲ್ಲ, ಭಾಗಲಬ್ಧ 6700417.

"ಇದು ಇನ್ನೂ ಒಡೆಯುತ್ತಾ ಸರ್?" ಅಂದಳು. ಅದರ ವರ್ಗಮೂಲ 2588ರ ಆಸುಪಾಸು. ಅಷ್ಟರೊಳಗೆ ನೋಡಬೇಕಾದ್ದು ಇನ್ನು ಏಳೇ: 641 ಮತ್ತೊಮ್ಮೆ, 769, 1153, 1217, 1409, 1601, 2113. ಅಷ್ಟರಲ್ಲಿ ಮನೆಗಳಿಂದ ಫೋನ್ ಶುರುವಾಗಿತ್ತು, ಮಕ್ಕಳನ್ನು ಕಳಿಸಿದೆ. ಉಳಿದ ಭಾಗಾಕಾರ ನಾನೇ ಮಾಡಿದೆ. 2113ಕ್ಕೆ ಬಂದಾಗ ಹನ್ನೊಂದು ಗಂಟೆ. ಶೇಷ 94.