ಟೀವಿಲಿ ಮಳೆ ಸುದ್ದಿ ಹೇಳೋ ಕೆಲಸ ಬೇಕಾ? ಹಾಗಾದ್ರೆ ಇಷ್ಟು ತಿಳ್ಕೊಂಡಿರಿ

ಮೊದಲೇ ಹೇಳ್ಬಿಡ್ತೀನಿ, ಕನ್ನಡ ನ್ಯೂಸ್ ಚಾನೆಲ್‌ನೋರು ಹವಾಮಾನ ತಜ್ಞರು ಬೇಕು ಅಂತ ಜಾಹೀರಾತು ಕೊಡ್ತಾರೆ ಅಂತ ಕಾಯ್ತಾ ಕೂತ್ರೆ ಕೂತೇ ಇರ್ತೀರಾ. ನಮ್ಮಲ್ಲಿ ಹೆಚ್ಚಿನವ್ರು ಆಂಕರ್‌ಗಳೇ, ಬೆಳಿಗ್ಗೆ ಕ್ರೈಮ್ ಓದಿ ಸಂಜೆ ಮಳೆ ಹೇಳೋರು. ಜರ್ನಲಿಸಂ ಡಿಗ್ರಿ, ಇಂಟರ್ನ್‌ಶಿಪ್, ಡೆಸ್ಕಲ್ಲಿ ಕಾಪಿ ಬರೆಯೋದು, ಆಮೇಲೆ ಯಾರೋ ರಜೆ ಹಾಕಿದ ದಿನ ನಿಮಗೆ ಚಾನ್ಸು. ಮುನ್ಸೂಚನೆ ನಾನೇ ಮಾಡ್ಬೇಕು ಅನ್ನೋರಿಗೆ ರೂಟೇ ಬೇರೆ: ಬಿಎಸ್ಸಿಲಿ ಫಿಸಿಕ್ಸ್, ಮ್ಯಾಥ್ಸ್ ಮಾಡ್ಕೊಂಡು ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯ ಥರದ ಕಡೆ ಮೀಟಿಯರಾಲಜಿ, ಅಂದ್ರೆ ಹವಾಮಾನ ವಿಜ್ಞಾನ ಓದ್ಬೇಕು.

ಆಂಕರ್ ಆದ್ರೂ ಹವಾಮಾನ ಬುಲೆಟಿನ್ ಓದಿ ಅರ್ಥ ಮಾಡ್ಕೊಳ್ಳೋಕೆ ಬರ್ಲೇಬೇಕು. ದಿನಾ ನೋಡ್ಬೇಕಾಗಿದ್ದು ಎರಡು, ಒಂದು ಹವಾಮಾನ ಇಲಾಖೆ ಬೆಂಗಳೂರು ಕೇಂದ್ರದ್ದು, ಇನ್ನೊಂದು ಯಲಹಂಕದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ್ದು, ಇವ್ರ ಮಳೆ ಮಾಪಕ ಗ್ರಾಮ ಪಂಚಾಯ್ತಿ ಲೆವೆಲ್ ತನಕ ಇದೆ. ಅದ್ರಲ್ಲಿ ಬರೋ ಒಂದೊಂದು ಪದಕ್ಕೂ ಲೆಕ್ಕ ಇದೆ ಕಣ್ರೀ, ಬಾಯಿಗೆ ಬಂದಂಗೆ "ಭಾರಿ ಮಳೆ" ಅನ್ನೋ ಹಾಗಿಲ್ಲ. 24 ಗಂಟೇಲಿ 64.5 ಮಿಲಿಮೀಟರ್ ದಾಟಿದ್ರೆ ಭಾರಿ, 115.6 ಆದ್ರೆ ಅತಿ ಭಾರಿ, 204.5 ಮುಟ್ಟಿದ್ರೆ ಅದಕ್ಕೂ ಮೇಲಿನ "ಅತ್ಯಂತ ಭಾರಿ". ಆ 24 ಗಂಟೆ ಅಂದ್ರೂ ರಾತ್ರಿ 12ರಿಂದ ಅಲ್ಲ, ಬೆಳಿಗ್ಗೆ 8.30ರಿಂದ ಮಾರನೇ ದಿನ 8.30ಕ್ಕೆ. ಜನಕ್ಕೆ ಮಿಲಿಮೀಟರ್ ಅಂದ್ರೆ ತಲೆಗೆ ಹೋಗಲ್ಲ, ಹಂಗಾಗಿ ನಾನು ಸೈಟ್ ಲೆಕ್ಕದಲ್ಲಿ ಹೇಳ್ತಿದ್ದೆ: 30x40 ಅಡಿ ಸೈಟಿನ ಮೇಲೆ 65 ಮಿಲಿಮೀಟರ್ ಬಿದ್ರೆ ಹತ್ರ ಹತ್ರ 7 ಸಾವಿರ ಲೀಟರ್ ನೀರು.

ಇನ್ನು ಹವಾಮಾನ ಇಲಾಖೆ ಕೊಡೋ ಅಲರ್ಟ್ ಬಣ್ಣಗಳು: ಯೆಲ್ಲೋ ಅಂದ್ರೆ ಗಮನ ಇಟ್ಟಿರಿ, ಆರೆಂಜ್ ಅಂದ್ರೆ ರೆಡಿಯಾಗಿರಿ, ರೆಡ್ ಅಂದ್ರೆ ಕೂಡ್ಲೇ ಏನಾದ್ರೂ ಮಾಡಿ. ರೆಡ್ ಅಂದ ತಕ್ಷಣ ಸ್ಕೂಲಿಗೆ ರಜೆ ಅಂತ ನೀವೇ ಘೋಷಣೆ ಮಾಡ್ಬೇಡಿ ಮಾರಾಯ್ರೇ, ಅದು ಡೀಸಿ ಕೆಲಸ.

ಇನ್ನು ಗ್ರೀನ್ ಸ್ಕ್ರೀನ್. ನಿಮ್ಮ ಹಿಂದೆ ಮ್ಯಾಪ್ ಇರಲ್ಲ, ಬರೀ ಹಸಿರು ಗೋಡೆ, ಹಸಿರು ಇರೋ ಕಡೆಯೆಲ್ಲಾ ಕಂಪ್ಯೂಟರ್ ಮ್ಯಾಪ್ ಕೂರಿಸುತ್ತೆ, ನಿಮಗೆ ಅದು ಕಾಣೋದು ಪಕ್ಕದ ಮಾನಿಟರಲ್ಲಿ. ನೀವು ಕ್ಯಾಮೆರಾ ಕಡೆ ಮುಖ ಮಾಡಿ ನಿಂತಿರ್ತೀರಲ್ಲ, ಆಗ ಮಂಗಳೂರು ನಿಮ್ಮ ಬಲಗೈ ಕಡೆ, ಕೋಲಾರ ಎಡಗೈ ಕಡೆ, ಬೀದರ್ ತಲೆ ಮೇಲೆ. ಇದು ಕೈಗೆ ಅಭ್ಯಾಸ ಆಗೋ ತನಕ ಮನೇಲಿ ಗೋಡೆ ಮುಂದೆ ನಿಂತು ಮಾಡ್ತಾನೇ ಇರ್ಬೇಕು, ನಾನು ಮೊದಲನೇ ವಾರ "ಉಡುಪಿಯಲ್ಲಿ ಅತಿ ಭಾರಿ ಮಳೆ" ಅಂತ ಕೋಲಾರದ ಮೇಲೆ ಕೈ ಇಟ್ಟಿದ್ದೆ, ಕೋಲಾರದ ನೆಂಟ್ರು ಫೋನ್ ಮಾಡಿ ನಿನ್ನ ಕೈಯಿಂದಾದ್ರೂ ನಮ್ಮೂರಿಗೆ ಮಳೆ ಬರ್ಲಿ ಬಿಡಪ್ಪ ಅಂದ್ರು. ಗಿಣಿ ಹಸಿರು ಸೀರೆ, ಶರ್ಟು ಬೇಡ. ಬಾರ್ಡರ್ ಹಸಿರಿದ್ರೂ ಅಷ್ಟು ಜಾಗದಲ್ಲಿ ಮ್ಯಾಪ್ ಕಾಣುತ್ತೆ.

ಭಾಷೆ ಬಗ್ಗೆ ಮಾತ್ರ ನಂಗೆ ಸ್ವಲ್ಪ ಹಠ ಇದೆ. "ವಾಯುಭಾರ ಕುಸಿತದಿಂದಾಗಿ ಚದುರಿದಂತೆ ಮಳೆಯಾಗುವ ಸಾಧ್ಯತೆ" ಅಂತ ಬುಲೆಟಿನ್ ಹಂಗೇ ಓದಿದ್ರೆ ಹಾವೇರಿ ರೈತನಿಗೆ ಏನು ಗೊತ್ತಾಗುತ್ತೆ? ಎಲ್ಲಾ ಕಡೆ ಬರಲ್ಲ, ಪಕ್ಕದೂರಲ್ಲಿ ಸುರಿದು ನಿಮ್ಮೂರು ಒಣಗಿರ್ಬಹುದು ಅನ್ನಿ. ಮಳೆ ನಕ್ಷತ್ರಗಳ ಹೆಸರು ಬಾಯಿಪಾಠ ಇರ್ಲಿ, ರೋಹಿಣಿ, ಮೃಗಶಿರ, ಆರಿದ್ರಾ ಅಂತ, ಹಳ್ಳಿ ಕಡೆ ಇವತ್ತಿಗೂ ಲೆಕ್ಕ ಅದರಲ್ಲೇ. ಆದ್ರೆ ಮಘೆ ಮಳೆ ಬಂದಷ್ಟು ಒಳ್ಳೇದು ಅನ್ನೋ ಗಾದೇನ ಮುನ್ಸೂಚನೆ ಥರ ಹೇಳ್ಬೇಡಿ, ಮಾತಿಗೆ ಮಾತ್ರ ಇಟ್ಕೊಳ್ಳಿ. "ಮಳೆ ಬರಲ್ಲ" ಅಂತ ಕಡ್ಡಿ ಮುರಿದಂಗೆ ಹೇಳೋದೂ ಬೇಡ, ಮೇ ತಿಂಗಳ ಸಂಜೆ ಬೆಂಗಳೂರಲ್ಲಿ ಅರ್ಧ ಗಂಟೇಲಿ ಮೋಡ ಕಟ್ಟಿ ಸುರಿದು ನಿಮ್ಮ ಮಾನ ಕಳೆಯುತ್ತೆ.

ಡೆಮೋ ಕೊಡೋಕೆ ಮುಂಚೆ ಇವತ್ತಿನ ಬುಲೆಟಿನ್ ತಗೊಂಡು, ಒಂದು ನಿಮಿಷಕ್ಕೆ ಇಳಿಸಿ, ಫೋನಲ್ಲಿ ರೆಕಾರ್ಡ್ ಮಾಡಿ ಮನೇಲಿ ಅಜ್ಜಿಗೆ ತೋರ್ಸಿ. ನಾಳೆ ಹಪ್ಪಳ ಒಣಗಾಕ್ಬಹುದಾ ಅಂತ ಕೇಳಿ. ಅಜ್ಜಿ ನಿಮ್ಮ ಮುಖಾನೇ ನೋಡ್ತಾ ಕೂತ್ರೆ ಇನ್ನೊಂದ್ಸಲ ರೆಕಾರ್ಡ್ ಮಾಡಿ.