ಕನಕಾಂಬರ ಬೆಳೆಸುವ ಬಗೆ: ಮೊದಲು ಬೇರಿನ ಕಡೆ ಗಮನವಿರಲಿ

ಪರಿಮಳವಿಲ್ಲದಿದ್ದರೂ ಮಲ್ಲಿಗೆಯ ಜೊತೆ ಮಾಲೆಯಲ್ಲಿ ಸರಿಸಮನಾಗಿ ನಿಲ್ಲುವ ಹೂವು ಕನಕಾಂಬರ. ದಕ್ಷಿಣ ಭಾರತ ಮತ್ತು ಶ್ರೀಲಂಕೆಯ ನೆಲಕ್ಕೇ ಸೇರಿದ ಈ ಪೊದೆಗಿಡ ನಮ್ಮ ಬಿಸಿಲಿಗೆ ಚೆನ್ನಾಗಿ ಒಗ್ಗುತ್ತದೆ. ಹಾಗಿದ್ದೂ ಹಿತ್ತಿಲಲ್ಲಿ ಅದು ಸೊರಗಿದರೆ, ತೊಂದರೆ ಹೆಚ್ಚಾಗಿ ಮಣ್ಣಿನೊಳಗೇ ಇರುತ್ತದೆ.

ಆದ್ದರಿಂದ ಮೊದಲು ಜಾಗವನ್ನು ಆರಿಸಿಕೊಳ್ಳಬೇಕು. ನೀರು ನಿಂತರೆ ಬೇರು ಕೊಳೆಯುತ್ತದೆ. ಬದನೆ, ಟೊಮೆಟೊ, ಬೆಂಡೆಯನ್ನು ಮೇಲಿಂದ ಮೇಲೆ ಬೆಳೆದ ಪಾತಿಯೂ ಬೇಡ. ಆ ಬೆಳೆಗಳನ್ನು ಕಾಡುವ, ಮಣ್ಣಿನಲ್ಲಿರುವ ಸೂಕ್ಷ್ಮವಾದ ಬೇರುಗಂಟು ಜಂತುಹುಳು (ನೆಮಟೋಡ್) ಕನಕಾಂಬರವನ್ನೂ ಬಿಡುವುದಿಲ್ಲ. ನೀರು ಬಸಿಯುವ ಕೆಂಪು ಗೋಡು ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಬೇವಿನ ಹಿಂಡಿಯನ್ನೂ ಬೆರೆಸಿ ಹದಗೊಳಿಸಿ. ಕುಂಡದಲ್ಲಿ ಬೆಳೆಸುವವರು ಎರಡು ಪಾಲು ಮಣ್ಣಿಗೆ ಒಂದೊಂದು ಪಾಲು ಗೊಬ್ಬರ ಮತ್ತು ಮರಳನ್ನು ಸೇರಿಸಿ, ಒಂದು ಹಿಡಿ ಬೇವಿನ ಹಿಂಡಿ ಹಾಕಿದರೆ ಸಾಕು.

ಸಸಿ ಮಾಡುವ ಕ್ರಮ ತಳಿಯನ್ನು ಅವಲಂಬಿಸಿದೆ. ಸಾಮಾನ್ಯ ಕಿತ್ತಳೆ ಬಣ್ಣದ ಕನಕಾಂಬರ ಬೀಜದಿಂದ ಬರುತ್ತದೆ. ಹೂವು ಮುಗಿದು ಒಣಗಿದ ತೆನೆಯಲ್ಲಿ, ಹಸಿರೆಸಳಿನಂತಹ ಪೊರೆಗಳ ನಡುವೆ, ಸಣ್ಣ ಕಾಯಿಗಳು ಅಡಗಿರುತ್ತವೆ. ಅವುಗಳ ಮೇಲೆ ನಾಲ್ಕು ಹನಿ ನೀರು ಬಿದ್ದರೆ ಸಾಕು, ಸ್ವಲ್ಪ ಹೊತ್ತಿನಲ್ಲೇ ಚಟಪಟನೆ ಸಿಡಿದು ಬೀಜವನ್ನು ದೂರಕ್ಕೆ ಎಸೆಯುತ್ತವೆ. ಹಾಗಾಗಿ ತೆನೆಯನ್ನು ಮಳೆಗೆ ಮೊದಲೇ ಕತ್ತರಿಸಿ, ಅಗಲವಾದ ಪಾತ್ರೆಯಲ್ಲಿಟ್ಟು ನೀರು ಚಿಮುಕಿಸಿ, ಮೇಲೊಂದು ತೆಳು ಬಟ್ಟೆ ಮುಚ್ಚಿದರೆ ಬೀಜ ಕೈಗೆ ಸಿಗುತ್ತದೆ. ನೋಡಲೇಬೇಕಾದ ಈ ಸೊಗಸನ್ನು ಮಕ್ಕಳಿಗೂ ತೋರಿಸಿ. ಹೊಸ ಬೀಜವನ್ನೇ ತೆಳುವಾಗಿ ಬಿತ್ತಿ, ಒಟ್ಲು ಪಾತಿಯನ್ನು ಹಸಿಯಾಗಿಡಿ. ಮೊಳಕೆ ನಿಧಾನವಾಗಿ ಬರುವುದರಿಂದ ಎರಡು ಮೂರು ವಾರ ತಾಳ್ಮೆ ಬೇಕು. ದೊಡ್ಡ ಹೂವಿನ 'ಡೆಲ್ಲಿ ಕನಕಾಂಬರ' ಬೀಜ ಕಟ್ಟುವುದಿಲ್ಲವಾದ್ದರಿಂದ, ಬಲಿತ ಆರೋಗ್ಯವಂತ ಗಿಡದ ಕುಡಿ ತುಂಡುಗಳನ್ನು ತೇವದ ಮರಳಿನಲ್ಲಿ ನೆರಳಿನಲ್ಲಿಟ್ಟು ಬೇರು ಬರಿಸಬೇಕು.

ಸುಮಾರು ಎರಡು ತಿಂಗಳ ಸಸಿಯನ್ನು ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಅಂತರದಲ್ಲಿ ನೆಡಿ, ಡೆಲ್ಲಿ ಕನಕಾಂಬರಕ್ಕೆ ಗಿಡಗಳ ನಡುವೆ 40 ಸೆಂ.ಮೀ. ಇರಲಿ. ಎರಡು ಮೂರು ತಿಂಗಳಲ್ಲಿ ಹೂವು ಶುರುವಾಗುತ್ತದೆ. ಮೇಲ್ಮಣ್ಣು ಒಣಗಿದಾಗ ನೀರು ಕೊಡಿ.

ಎಳೆಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ; ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ ಎಲೆಗೆ ಸಿಂಪಡಿಸಿ. ಇಡೀ ಗಿಡವೇ ಗಿಡ್ಡಗಾಗಿ ಬಿಳುಚಿಕೊಂಡರೆ ಮಾತ್ರ ಒಂದು ಗಿಡವನ್ನು ಕಿತ್ತು ಬೇರನ್ನು ತೊಳೆದು ನೋಡಬೇಕು. ಬೇರಿನ ಮೇಲೆ ಸಣ್ಣ ಸಣ್ಣ ಗಂಟುಗಳಿದ್ದರೆ ಅದು ಜಂತುಹುಳುವಿನ ಕಾಟ. ಅಂತಹ ಗಿಡವನ್ನು ಉಳಿಸಲು ಹೆಣಗುವುದಕ್ಕಿಂತ ಬೇರುಸಮೇತ ತೆಗೆದು ಸುಟ್ಟು, ಆ ಪಾತಿಯಲ್ಲಿ ಜಂತುಹುಳುವನ್ನು ತಗ್ಗಿಸುವ ಚೆಂಡುಹೂವನ್ನು ಒಂದು ಬೆಳೆ ಹಾಕುವುದೇ ಮೇಲೆಂಬುದು ನನ್ನ ಖಚಿತ ಅಭಿಪ್ರಾಯ.

ತೆನೆಯಲ್ಲಿ ಹೂವು ಬುಡದಿಂದ ತುದಿಯ ಕಡೆಗೆ ಅರಳುತ್ತಾ ಹೋಗುತ್ತದೆ. ದಿನ ಬಿಟ್ಟು ದಿನ, ಬಿಸಿಲೇರುವ ಮೊದಲು, ಕಟ್ಟಲು ಅನುಕೂಲವಾಗುವಂತೆ ಉದ್ದನೆಯ ಕೊಳವೆಸಮೇತ ಹೂವನ್ನು ಮೆಲ್ಲಗೆ ಎಳೆದು ಬಿಡಿಸಿ. ಬೀಜಕ್ಕೆ ಬೇಕಾದಷ್ಟನ್ನು ಬಿಟ್ಟು, ಮುಗಿದ ತೆನೆಗಳನ್ನು ಆಗಾಗ ಕತ್ತರಿಸಿದರೆ ಹೊಸ ಕವಲೊಡೆದು ಮತ್ತೆ ತೆನೆ ಬರುತ್ತದೆ.